ಬೇಕಿಂಗ್‌ಗೆ ಯಾವ ಸೇಬು? ಕೊಯಮತ್ತೂರು, ತಿರುಪ್ಪೂರು ಅಡುಗೆಮನೆಗೊಂದು ಮಾಹಿತಿ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಹಣ್ಣಿನ ಅಂಗಡಿಗಳಲ್ಲಿ ವರ್ಷವಿಡೀ ಸೇಬು ಸಿಗುತ್ತದೆ. ಆದರೆ ಅಂಗಡಿಯವರು 'ಫಸ್ಟ್ ಕ್ವಾಲಿಟಿ' ಎಂದು ಆರಿಸಿ ಕೊಡುವ ದೊಡ್ಡ, ಕಡುಗೆಂಪು, ಸಿಹಿ ಸೇಬು ಹಾಗೇ ಕಚ್ಚಿ ತಿನ್ನಲು ಮಾತ್ರ ಚೆನ್ನ. ಓವನ್‌ಗೆ ಇಟ್ಟರೆ ಅದೇ ಹಣ್ಣು ಕೈಕೊಡುತ್ತದೆ. ಆಪಲ್ ಪೈ ಕತ್ತರಿಸಿದಾಗ ಒಳಗೆ ಮುದ್ದೆ, ತಳದಲ್ಲಿ ನೀರು, ಬಾಯಿಗಿಟ್ಟರೆ ಬರೀ ಸಕ್ಕರೆ. ಮನೆಯಲ್ಲೇ ಕೇಕ್, ಪೈ ಮಾಡಿ ಆರ್ಡರ್ ಮೇಲೆ ಕೊಡುವ ಮಹಿಳೆಯರಿಗೆ ಇದು ರುಚಿಯ ಪ್ರಶ್ನೆ ಮಾತ್ರವಲ್ಲ. ಬೆಣ್ಣೆ, ಮೈದಾ, ಕರೆಂಟು, ಅರ್ಧ ದಿನದ ದುಡಿಮೆ ಎಲ್ಲವೂ ಆ ಒಂದು ಟ್ರೇಯಲ್ಲಿ ಇರುತ್ತದೆ.

ಬೇಯಿಸುವ ಸೇಬಿನಲ್ಲಿ ನೋಡಬೇಕಾದ್ದು ಹುಳಿ ಮತ್ತು ಗಟ್ಟಿತನ. ಸೇಬಿನ ಹುಳಿಗೆ ಮ್ಯಾಲಿಕ್ ಆಮ್ಲ ಕಾರಣ. ಬೆಂದ ಮೇಲೂ ಹಣ್ಣಿನ ರುಚಿ ಎದ್ದು ಕಾಣುವುದು ಈ ಹುಳಿಯಿಂದಲೇ. ಗಟ್ಟಿತನಕ್ಕೆ ಕಾರಣ ತಿರುಳಿನ ಕಣಗಳನ್ನು ಹಿಡಿದಿಡುವ ಪೆಕ್ಟಿನ್. ಅದು ಬಿಸಿಗೆ ಬೇಗ ಕರಗಿದರೆ ಹೋಳು ಕುಸಿಯುತ್ತದೆ. ಆದರೆ ಹುಳಿ ಇದ್ದ ಮಾತ್ರಕ್ಕೆ ಹೋಳು ನಿಲ್ಲುತ್ತದೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಬ್ರಾಮ್ಲಿ ಸೇಬು ಹಲ್ಲು ಚುಳ್ಳೆನ್ನುವಷ್ಟು ಹುಳಿ, ಆದರೂ ಬೆಂದರೆ ನುಣ್ಣಗೆ ಕರಗಿಹೋಗುತ್ತದೆ. ಅಲ್ಲಿಯವರಿಗೆ ಬೇಕಾದ್ದೂ ಅದೇ.

ನಮ್ಮಲ್ಲಿಗೆ ಬರುವ ತಳಿಗಳು

ಇಲ್ಲಿ ಹೆಚ್ಚು ಮಾರಾಟವಾಗುವುದು ಡೆಲಿಷಿಯಸ್ ಗುಂಪಿನ ಸೇಬು. ಅಮೆರಿಕದಲ್ಲಿ ಹುಟ್ಟಿದ ರೆಡ್ ಡೆಲಿಷಿಯಸ್ ಅನ್ನು ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಟ್ಟರು. ಹಿಮಾಚಲದ ಸೇಬು ವ್ಯಾಪಾರ ಬೆಳೆದದ್ದು ಅಲ್ಲಿಂದ. 'ಶಿಮ್ಲಾ', 'ಕಾಶ್ಮೀರ್', 'ವಾಷಿಂಗ್‌ಟನ್' ಎಂದು ಬೇರೆ ಬೇರೆ ಬೆಲೆಗೆ ಮಾರುವ ಹಣ್ಣುಗಳಲ್ಲಿ ಬಹುಪಾಲು ಇದೇ ಗುಂಪಿನವು. ಅಡಿಯಲ್ಲಿ ಐದು ಉಬ್ಬು, ದಪ್ಪ ಸಿಪ್ಪೆ, ಹೆಚ್ಚು ಸಿಹಿ, ಕಡಿಮೆ ಹುಳಿ. ಬೇಕಿಂಗ್‌ಗೆ ಕಡೆಯ ಆಯ್ಕೆ ಇದು.

ಪೈ, ಕ್ರಂಬಲ್, ಟಾರ್ಟ್‌ಗೆ ಮೊದಲ ಆಯ್ಕೆ ಗ್ರಾನಿ ಸ್ಮಿತ್. 1868ರಲ್ಲಿ ಆಸ್ಟ್ರೇಲಿಯಾದಲ್ಲಿ ಮರಿಯಾ ಆನ್ ಸ್ಮಿತ್ ಎಂಬ ಅಜ್ಜಿಯ ತೋಟದಲ್ಲಿ ತಾನಾಗಿ ಹುಟ್ಟಿದ ಗಿಡದ ತಳಿ ಇದು. ಅಚ್ಚ ಹಸಿರು, ಗಟ್ಟಿ, ಒಳ್ಳೆಯ ಹುಳಿ. 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬೆಂದರೂ ಹೋಳು ಹೋಳಾಗಿಯೇ ಉಳಿಯುತ್ತದೆ. ಬೆಲೆ ಮಾತ್ರ ಜಾಸ್ತಿ. ಹಾಗಾಗಿ ಅರ್ಧ ಗ್ರಾನಿ ಸ್ಮಿತ್, ಅರ್ಧ ಬೇರೆ ಸೇಬು ಹಾಕುವುದು ಜಾಣತನ. ರುಚಿಯೂ ಹಾಗೆಯೇ ಚೆನ್ನ. ಹಸಿರಾಗಿ ಇರುವುದೆಲ್ಲ ಗ್ರಾನಿ ಸ್ಮಿತ್ ಅಲ್ಲ ಎಂಬುದು ನೆನಪಿರಲಿ. ಪೂರ್ತಿ ಮಾಗದ ಗೋಲ್ಡನ್ ಡೆಲಿಷಿಯಸ್ ಕೂಡ ಹಸಿರಾಗಿಯೇ ಇರುತ್ತದೆ.

ಹೆಸರಿನಲ್ಲಿ ಡೆಲಿಷಿಯಸ್ ಇದ್ದರೂ ಗೋಲ್ಡನ್, ರೆಡ್‌ನ ಬಂಧುವಲ್ಲ. ಸಿಪ್ಪೆ ತೆಳು, ಹುಳಿ ಸಾಧಾರಣ, ಬೆಂದಾಗ ಬೆಣ್ಣೆಯಂತೆ ಮೆದುವಾದರೂ ಆಕಾರ ತಕ್ಕಮಟ್ಟಿಗೆ ಉಳಿಯುತ್ತದೆ. ಕೇಕ್‌ಗೆ ಬಹಳ ಒಳ್ಳೆಯದು. ಪಿಂಕ್ ಲೇಡಿ ಸಿಕ್ಕರೆ ಗ್ರಾನಿ ಸ್ಮಿತ್ ಬದಲಿಗೆ ಧಾರಾಳವಾಗಿ ಬಳಸಬಹುದು. ಫ್ಯೂಜಿ ಗಟ್ಟಿ ಆದರೆ ಸಿಹಿ, ನಿಂಬೆರಸ ಬೇಕೇ ಬೇಕು. ಗಾಲಾ ಇನ್ನೂ ಮೃದು, ಮಫಿನ್‌ಗೆ ಸಾಕು.

ಅಂಗಡಿಯವರು ಹೇಳುವ ಹೆಸರು ನಂಬಿಕೆಯಾಗದಿದ್ದರೆ ಹಣ್ಣಿನ ಮೇಲಿನ ಸ್ಟಿಕ್ಕರ್ ಓದಿ. ವಿದೇಶಿ ಸೇಬಿನ ಸ್ಟಿಕ್ಕರ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿಗಳ ಸಂಖ್ಯೆ ಇರುತ್ತದೆ, ಅದು ತಳಿಯನ್ನು ಹೇಳುತ್ತದೆ. 4017 ಅಥವಾ 4139 ಇದ್ದರೆ ಗ್ರಾನಿ ಸ್ಮಿತ್. 4020, 4021 ಗೋಲ್ಡನ್ ಡೆಲಿಷಿಯಸ್. 4015, 4016 ರೆಡ್ ಡೆಲಿಷಿಯಸ್. 4129, 4131 ಫ್ಯೂಜಿ. 4133, 4135 ಗಾಲಾ. ಪೈ ಮಾಡಲು ಹೊರಟವರು ಮೊದಲ ಎರಡನ್ನು ಬರೆದಿಟ್ಟುಕೊಂಡರೆ ಸಾಕು.

ಕಾಶ್ಮೀರದಲ್ಲಿ ಮಹಾರಾಜಿ ಎಂಬ ಹುಳಿ ಸೇಬು ಬೆಳೆಯುತ್ತದೆ, ರಸ ಜಾಸ್ತಿ, ಬಹುದಿನ ಇಟ್ಟರೂ ಕೆಡದು. ದಕ್ಷಿಣದ ಅಂಗಡಿಗಳಲ್ಲಿ ಅಪರೂಪ. ಕಣ್ಣಿಗೆ ಬಿದ್ದರೆ ಬಿಡಬೇಡಿ.

ಯಾವಾಗ ಕೊಳ್ಳಬೇಕು?

ಹಿಮಾಚಲದ ಹೊಸ ಹಣ್ಣು ಜುಲೈನಿಂದ, ಕಾಶ್ಮೀರದ್ದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬರುತ್ತದೆ. ಮಾರ್ಚ್ ನಂತರ ಸಿಗುವ ಉತ್ತರ ಭಾರತದ ಸೇಬು ಶೈತ್ಯಾಗಾರದಿಂದ ಬಂದದ್ದು. ಹೊರಗೆ ಹೊಳೆದರೂ ಒಳಗೆ ಹಿಟ್ಟುಹಿಟ್ಟಾಗಿರುವ ಸಂಭವ ಹೆಚ್ಚು. ಬೇಸಿಗೆಯಲ್ಲಿ ಬೇಕಿಂಗ್ ಮಾಡುವವರು ನ್ಯೂಜಿಲೆಂಡ್, ಚಿಲಿ, ದಕ್ಷಿಣ ಆಫ್ರಿಕಾದ ಹಣ್ಣು ಕೇಳುವುದು ಒಳಿತು. ಅಲ್ಲಿ ಆಗಷ್ಟೇ ಕೊಯ್ಲು ಮುಗಿದಿರುತ್ತದೆ. ಇಲ್ಲಿಯ ಏಪ್ರಿಲ್ ಬಿಸಿಲಿನಲ್ಲಿ ಸೇಬನ್ನು ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಬಾಡುತ್ತದೆ. ಕವರಿನಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಿ, ಸೊಪ್ಪಿನ ಪಕ್ಕ ಬೇಡ. ಸೇಬು ಬಿಡುವ ಎಥಿಲೀನ್ ಅನಿಲದಿಂದ ಸೊಪ್ಪು ಬೇಗ ಹಳದಿಯಾಗುತ್ತದೆ.

ಯಾವ ಸೇಬೇ ತಂದಿರಲಿ, ಪೂರ್ತಿ ಪೈ ಮಾಡುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಅರ್ಧ ಸೆಂಟಿಮೀಟರ್ ದಪ್ಪದ ಹೋಳೊಂದನ್ನು ಸಣ್ಣ ಉರಿಯ ತವಾದ ಮೇಲೆ ಮುಚ್ಚಳ ಮುಚ್ಚಿ ಎಂಟು ನಿಮಿಷ ಇಡಿ. ಚಮಚದಿಂದ ಎತ್ತಿದಾಗ ಮುರಿಯದೆ ಬಂದರೆ ಪೈಗೆ ಆಗುತ್ತದೆ. ಕುಸಿದರೆ ಸಾಸ್ ಮಾಡಿ.

ಇರುವುದರಲ್ಲೇ ಸರಿಮಾಡುವುದು

ಉಡುಮಲೈಪೇಟೆಯಲ್ಲೋ ಧಾರಾಪುರದಲ್ಲೋ ಕೆಂಪು ಸೇಬು ಬಿಟ್ಟು ಬೇರೆ ಸಿಗದಿದ್ದರೆ ಪೈ ಕೈಬಿಡಬೇಕಿಲ್ಲ. ಸಿಪ್ಪೆ ತೆಗೆದು ಒಂದು ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ. ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ, ಪಾಕವಿಧಾನದಲ್ಲಿ ಹೇಳಿದ ಸಕ್ಕರೆಯಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ. ಬಾಣಲೆಯಲ್ಲಿ ಐದು ನಿಮಿಷ ಬಾಡಿಸಿದರೆ ನೀರು ಆರುತ್ತದೆ. ತಣ್ಣಗಾದ ಮೇಲೆ ಎರಡು ಸಣ್ಣ ಚಮಚ ಕಾರ್ನ್‌ಫ್ಲೋರ್ ಬೆರೆಸಿ ಹಿಟ್ಟಿನೊಳಗೆ ತುಂಬಿ. ಬಿಸಿಯಾಗಿ ತುಂಬಿದರೆ ಬೆಣ್ಣೆ ಕರಗಿ ಹೊರಪದರ ಮೆತ್ತಗಾಗುತ್ತದೆ. ಚಕ್ಕೆಪುಡಿಯ ಜೊತೆ ಒಂದು ಲವಂಗ ಸಾಕು, ಏಲಕ್ಕಿ ಹೆಚ್ಚಾದರೆ ಪೈ ಹೋಗಿ ಹಲ್ವ ಆಗುತ್ತದೆ.

ಮೊಟ್ಟೆ ಬಳಸದ ಮನೆಗಳಿಗೆ ಕುಸಿಯುವ ಸೇಬೇ ಉಪಯೋಗ. ಸ್ವಲ್ಪ ನೀರು ಹಾಕಿ ಬೇಯಿಸಿ, ಸಕ್ಕರೆ ಹಾಕದೆ ರುಬ್ಬಿದ ಸೇಬನ್ನು ಒಂದು ಮೊಟ್ಟೆಗೆ ಕಾಲು ಕಪ್ ಲೆಕ್ಕದಲ್ಲಿ ಕೇಕ್ ಹಿಟ್ಟಿಗೆ ಸೇರಿಸಬಹುದು. ಕೇಕ್ ತೇವವಾಗಿ, ಮೆತ್ತಗೆ ಬರುತ್ತದೆ, ಆದರೆ ಮೊಟ್ಟೆಯಷ್ಟು ಉಬ್ಬುವುದಿಲ್ಲ. ಹಾಗಾಗಿ ಮೂರಕ್ಕಿಂತ ಹೆಚ್ಚು ಮೊಟ್ಟೆ ಬೇಡುವ ಕೇಕ್‌ಗೆ ಈ ಉಪಾಯ ನಡೆಯದು.

ಹತ್ತಿರದ ಬೆಟ್ಟಗಳಲ್ಲಿ ಸೇಬು ಬೆಳೆಯುವುದಿಲ್ಲವೇ ಎಂದು ಕೇಳಬಹುದು. ಬೆಳೆಯುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೊಡೈಕೆನಾಲ್ ಕೇಂದ್ರದಿಂದ ಕೆಕೆಎಲ್ 1 ಎಂಬ ತಳಿಯೇ ಬಂದಿದೆ. ಆದರೆ ಬೆಳೆ ಕಡಿಮೆ, ಬಯಲಿನ ಅಂಗಡಿಗೆ ಇಳಿದು ಬರುವುದು ಅಪರೂಪ. ಬೆಟ್ಟದಿಂದ ಧಾರಾಳವಾಗಿ ಬರುವುದು ಇನ್ನೊಂದು ಹಣ್ಣು: ಮೆಟ್ಟುಪಾಳಯಂ ಮಾರ್ಗವಾಗಿ ಇಳಿಯುವ ನೀಲಗಿರಿಯ ಪೇರಿಕಾಯಿ. ಬೆಂಗಳೂರಿನ ಕಡೆ ಇದಕ್ಕೆ ಮರಸೇಬು ಎನ್ನುತ್ತಾರೆ. ಮಂಗಳೂರಿನವರಿಗೆ ಪೇರಳೆ ಎಂದರೆ ಸೀಬೆ, ಗೊಂದಲ ಬೇಡ. ಮಳೆಗಾಲದಲ್ಲಿ ಬರುವ ಈ ಗಟ್ಟಿ ಕಾಯಿ ಹಸಿಯಾಗಿ ತಿನ್ನಲು ಒರಟು, ಬೆಂದರೆ ಮಾತ್ರ ಹೋಳು ಕದಲುವುದಿಲ್ಲ. ಬೆಲೆಯೂ ಗ್ರಾನಿ ಸ್ಮಿತ್‌ಗಿಂತ ಎಷ್ಟೋ ಕಡಿಮೆ. ನಿಂಬೆರಸ ಹಿಂಡಿ, ಸೇಬಿಗಿಂತ ಹತ್ತು ನಿಮಿಷ ಹೆಚ್ಚು ಬೇಯಿಸಿದರೆ ಕ್ರಂಬಲ್‌ಗೆ ಚೆನ್ನಾಗಿ ಒದಗುತ್ತದೆ.