ಹರ್ಷೆಲ್ ಮನೆತನವೂ ನೀಹಾರಿಕೆಗಳ ಛಾಯಾಚಿತ್ರವೂ

ವೈಶಾಖಮಾಸದ ಕೃಷ್ಣಪಕ್ಷದಲ್ಲಿ ರಾತ್ರಿ ಒಂಬತ್ತು ಘಂಟೆಯ ವೇಳೆಗೆ ಅರಸೀಕೆರೆ ಸೀಮೆಯ ಕಣಕಟ್ಟೆಯಲ್ಲಿ ದಕ್ಷಿಣಾಭಿಮುಖವಾಗಿ ನಿಂತವರಿಗೆ ತ್ರಿಶಂಕುವಿನ ನಕ್ಷತ್ರಗಳು ಕ್ಷಿತಿಜದ ಮೇಲೆ ನೆಟ್ಟಗೆ ನಿಂತಿರುವುದು ಕಾಣುವುದು. ಅವುಗಳ ಸಮೀಪದಲ್ಲಿ, ಸುಮಾರು 20 ಡಿಗ್ರಿ ಎತ್ತರದಲ್ಲಿ, ಬರಿಗಣ್ಣಿಗೆ ನಿಲುಕದೆ ಸಣ್ಣ ದೂರದರ್ಶಕಕ್ಕೆ ಮಾತ್ರ ಗೋಚರವಾಗುವ ನೀಲವರ್ಣದ ಪುಟ್ಟ ಬಿಲ್ಲೆಯೊಂದುಂಟು. ಇದು ಗ್ರಹರೂಪದ ನೀಹಾರಿಕೆಗಳಲ್ಲಿ ಒಂದು. ಸರ್ ಜಾನ್ ಹರ್ಷೆಲನು 1834ರಲ್ಲಿ ಆಫ್ರಿಕಾದ ದಕ್ಷಿಣಾಗ್ರದಲ್ಲಿರುವ ಕೇಪ್ ಪ್ರಾಂತದಿಂದ ಇದನ್ನು ಕಂಡನು. ಲಂಡನ್ನಿನ ಆಕಾಶದಲ್ಲಿ ಇದು ಎಂದಿಗೂ ಉದಯಿಸುವುದಿಲ್ಲ. ನೀಹಾರಿಕೆಗಳ ಚರಿತ್ರೆಯಲ್ಲಿ ಕನ್ನಡನಾಡಿಗೆ ಒಂದು ಸ್ಥಾನ ದೊರೆತುದಕ್ಕೆ ಈ ಭೂಗೋಳವೇ ಕಾರಣವಾಯಿತು. ಆ ಸ್ಥಾನವನ್ನು ನಮ್ಮವರು ಬಹುಮಟ್ಟಿಗೆ ಮರೆತಿದ್ದಾರೆ.

ಗ್ರಹರೂಪದ ನೀಹಾರಿಕೆಯೆಂಬ ಹೆಸರನ್ನು ಕೊಟ್ಟವನು ಈ ಜಾನನ ತಂದೆಯಾದ ವಿಲಿಯಂ ಹರ್ಷೆಲ್. ಆತನು ವೃತ್ತಿಯಿಂದ ಸಂಗೀತಗಾರ. ತಾನೇ ಉಜ್ಜಿ ಮಾಡಿದ ದರ್ಪಣದಿಂದ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡವನು. ಆ ಗ್ರಹದ ಬಿಲ್ಲೆಯನ್ನೇ ಹೋಲುತ್ತಿದ್ದುದರಿಂದ ಈ ಹೆಸರು ಬಂದಿತೇ ಹೊರತು ಇವಕ್ಕೂ ಗ್ರಹಗಳಿಗೂ ಯಾವ ಸಂಬಂಧವೂ ಇಲ್ಲ. ಸೂರ್ಯನಂತಹ ನಕ್ಷತ್ರವು ತನ್ನ ಅಂತ್ಯಕಾಲದಲ್ಲಿ ಹೊರಮೈಯನ್ನು ಕಳಚಿಹಾಕಿದಾಗ ಹರಡುವ ಅನಿಲವೇ ಇದೆಂದು ಈಗ ತಿಳಿದಿದೆ. ಆದರೆ ನೂರಾರು ವರ್ಷಗಳ ಹಿಂದೆ ಇದು ದೊಡ್ಡ ವಿವಾದದ ವಿಷಯವಾಗಿದ್ದಿತು. ನೀಹಾರಿಕೆಗಳೆಲ್ಲವೂ ದೂರದಲ್ಲಿರುವ ನಕ್ಷತ್ರಗಳ ರಾಶಿಯೋ, ಅಥವಾ ನಿಜವಾಗಿಯೂ ಹೊಳೆಯುವ ಆವಿಯೋ?

ರೇಷ್ಮೆಯ ವ್ಯಾಪಾರವನ್ನು ಬಿಟ್ಟು ಸ್ವಂತ ವೀಕ್ಷಣಾಲಯವನ್ನು ಕಟ್ಟಿಕೊಂಡಿದ್ದ ವಿಲಿಯಂ ಹಗ್ಗಿನ್ಸನು 1864ನೆಯ ಆಗಸ್ಟ್ 29ರ ರಾತ್ರಿ ಇದಕ್ಕೆ ಉತ್ತರವನ್ನು ಪಡೆದನು. ಉತ್ತರಾಕಾಶದ ಒಂದು ಗ್ರಹರೂಪದ ನೀಹಾರಿಕೆಯ ಬೆಳಕನ್ನು ವರ್ಣಪಟಲದರ್ಶಕದಲ್ಲಿ ನೋಡಲು, ನಕ್ಷತ್ರದಂತೆ ಅಖಂಡವಾದ ಬಣ್ಣಗಳ ಪಟ್ಟಿಯು ಕಾಣದೆ ಕೆಲವೇ ಹಸುರು ರೇಖೆಗಳು ಕಂಡವು. ಅದು ಆವಿಯೇ ಎಂದು ಸಿದ್ಧವಾಯಿತು. ಇನ್ನು ದಕ್ಷಿಣದ ನೀಹಾರಿಕೆಗಳನ್ನು ಪರೀಕ್ಷಿಸುವವರಾರು?

ಲಂಡನ್ನಿನ ರಾಯಲ್ ಸೊಸೈಟಿಯು ಈ ಕೆಲಸಕ್ಕೆ ಉಪಕರಣಗಳನ್ನು ಒಪ್ಪಿಸಿದುದು ಸರ್ ಜಾನನ ಮಗನಿಗೆ. ಆತನ ಹೆಸರೂ ಜಾನ್ ಹರ್ಷೆಲ್ ಎಂದೇ. ಭಾರತದ ತ್ರಿಕೋನಮಿತಿ ಮೋಜಣಿ ಇಲಾಖೆಯಲ್ಲಿ ಲೆಫ್ಟಿನೆಂಟನಾಗಿದ್ದವನು. ಹಗಲೆಲ್ಲ ನೆಲವನ್ನಳೆಯುವ ಈ ಅಧಿಕಾರಿಯು ಬೆಂಗಳೂರಿನಲ್ಲಿ ರಾತ್ರಿಯ ವೇಳೆ ಅಜ್ಜನೂ ತಂದೆಯೂ ಪಟ್ಟಿಮಾಡಿದ್ದ ನೀಹಾರಿಕೆಗಳನ್ನು ಒಂದೊಂದಾಗಿ ಹುಡುಕಿ ಅವುಗಳ ವರ್ಣಪಟಲವನ್ನು ನೋಡಿದನು. ಕೆಲವು ಆವಿಯ ರೇಖೆಗಳನ್ನು ತೋರಿದವು, ಕೆಲವು ತೋರಲಿಲ್ಲ. 1868ರಲ್ಲಿ ಈ ವರದಿಯು ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮಿಂಚಿನ ವರ್ಣಪಟಲವನ್ನೂ ಆತನು ಬಿಡಲಿಲ್ಲ! ಅದೇ ವರ್ಷದ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕೆ ಆತನು ಜಮಖಂಡಿಗೆ ಹೋದನು. ಮೋಡಗಳು ಕಾಡಿದರೂ ಸಿಕ್ಕಿದ ಸಂದಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳು ಕೆಂಪು, ಕಿತ್ತಳೆ, ನೀಲಿ ರೇಖೆಗಳನ್ನು ತೋರಿದವು. ಆ ಕಿತ್ತಳೆಯ ರೇಖೆಯೇ ಮುಂದೆ ಹೀಲಿಯಂ ಎಂಬ ಮೂಲವಸ್ತುವಿನದೆಂದು ಗೊತ್ತಾಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ‘ಫೋಟೋಗ್ರಫಿ’ ಎಂಬ ಮಾತನ್ನು 1839ರಲ್ಲಿ ವಿದ್ವತ್ಸಭೆಯ ಮುಂದಿಟ್ಟವನೂ, ಚಿತ್ರವು ಬೆಳಕಿಗೆ ಕೆಡದಂತೆ ಹೈಪೋ ಎಂಬ ಲವಣದಿಂದ ಸ್ಥಿರಗೊಳಿಸುವ ಉಪಾಯವನ್ನು ತೋರಿಸಿದವನೂ ಬೆಂಗಳೂರಿನ ಹರ್ಷೆಲನ ತಂದೆಯೇ. ಆದರೂ ಮಗನಿಂದ ನೀಹಾರಿಕೆಯ ಒಂದು ಛಾಯಾಚಿತ್ರವೂ ಬರಲಿಲ್ಲ. ಇದು ಆತನ ಅಲಕ್ಷ್ಯವಲ್ಲ. ಆಗಿನ ಗಾಜಿನ ಫಲಕಕ್ಕೆ ಕೊಲೋಡಿಯನ್ ದ್ರವವನ್ನು ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರವನ್ನು ತೆಗೆದು ತೊಳೆಯಬೇಕಾಗಿದ್ದಿತು. ನಮ್ಮ ಸೆಕೆಯಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಒಣಗಿಹೋಗುವುದು. ಸೂರ್ಯನಿಗೆ ಆ ನಿಮಿಷಗಳು ಸಾಕು; ಆದುದರಿಂದಲೇ 1871ನೆಯ ಡಿಸೆಂಬರ್ 12ರ ಗ್ರಹಣದಲ್ಲಿ, ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದಿಂದ, ಖಗೋಳವ್ಯಾಸಂಗಿಯಾದ ಲಾರ್ಡ್ ಲಿಂಡ್ಸೆಯ ಸಹಾಯಕ ಡೇವಿಸನು ಸೂರ್ಯನ ಪ್ರಭಾವಲಯವನ್ನು ಫಲಕಗಳ ಮೇಲೆ ಹಿಡಿದನು. ನೀಹಾರಿಕೆಯ ಮಂದಪ್ರಕಾಶಕ್ಕೆ ಅಷ್ಟು ಹೊತ್ತು ಏನೇನೂ ಸಾಲದು. ಬೆಂಗಳೂರಿನಲ್ಲಿ ಕಂಡುದು ನೋಡಿದವನ ಕಣ್ಣಿನಲ್ಲಿಯೇ ಉಳಿಯಿತು. ಇತರರು ಅದನ್ನು ಆತನ ಮಾತಿನ ಮೇಲೆ ನಂಬಬೇಕಾಯಿತು.

ಜೆಲಟಿನ್ ಲೇಪದ ಒಣ ಫಲಕವು 1870ರ ದಶಕದ ಕೊನೆಯಲ್ಲಿ ಬಳಕೆಗೆ ಬಂದುದೇ ತಡ, ಹವ್ಯಾಸಿಗಳು ಮುಂದಾದರು. ನ್ಯೂಯಾರ್ಕಿನ ವೈದ್ಯ ಹೆನ್ರಿ ಡ್ರೇಪರನು 1880ನೆಯ ಸೆಪ್ಟೆಂಬರ್ 30ರಂದು ಮಹಾವ್ಯಾಧ ಮಂಡಲದ ಮಹಾನೀಹಾರಿಕೆಯನ್ನು 51 ನಿಮಿಷಗಳ ಕಾಲ ಬೆಳಕಿಗೊಡ್ಡಿ ಚಿತ್ರಿಸಿದನು. 1886ರಲ್ಲಿ ಹಂಗೇರಿಯ ಹೆರೇನಿ ಗ್ರಾಮದಲ್ಲಿ ಸ್ವಂತ ವೀಕ್ಷಣಾಲಯವನ್ನಿಟ್ಟುಕೊಂಡಿದ್ದ ಯೆನೊ ಗೊಥಾರ್ಡ್ ಎಂಬ ಜಮೀನುದಾರನು ವೀಣಾಮಂಡಲದ ಉಂಗುರ ನೀಹಾರಿಕೆಯನ್ನು ಚಿತ್ರಿಸಲು, ಉಂಗುರದ ನಡುವೆ ಒಂದು ನಕ್ಷತ್ರವು ಸ್ಪಷ್ಟವಾಗಿ ಮೂಡಿತು. ಒಳ್ಳೆಯ ದೂರದರ್ಶಕಗಳಲ್ಲಿಯೂ ಕಣ್ಣಿಗೆ ಬಹು ಕಷ್ಟದಿಂದ ಸಿಕ್ಕುವ ಈ ನಕ್ಷತ್ರವು ಅತ್ಯುಷ್ಣವಾದುದು. ಅದರ ನೀಲಿ ಹಾಗೂ ನೇರಳಾತೀತ ಕಿರಣಗಳಿಗೆ ಕಣ್ಣಿಗಿಂತ ಫಲಕವೇ ಹೆಚ್ಚು ಚುರುಕು. ಮಡಿಯುತ್ತಿರುವ ನಕ್ಷತ್ರವೂ ಅದು ಕಳಚಿದ ಹೊದಿಕೆಯೂ ಒಂದೇ ಗಾಜಿನ ಮೇಲೆ ಯಾರು ಬೇಕಾದರೂ ನೋಡುವಂತೆ ಉಳಿದವು. ಬೆಂಗಳೂರಿನ ಶೋಧಕನಿಗೆ ಇಂತಹ ಫಲಕವು ದೊರೆಯದೆ ಹೋದುದು ಹತ್ತು ಹನ್ನೆರಡು ವರ್ಷಗಳ ಅಂತರದಿಂದ.

ಹಗ್ಗಿನ್ಸನ ಹಸುರು ರೇಖೆಯ ಗುಟ್ಟು 1927ರವರೆಗೂ ತಿಳಿಯಲಿಲ್ಲ. ‘ನೆಬ್ಯುಲಿಯಂ’ ಎಂಬ ಹೊಸ ಮೂಲವಸ್ತುವೇ ಅಲ್ಲಿದೆಯೆಂದು ಬಗೆದಿದ್ದರು. ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕವೇ ಎಂದು ಅಮೆರಿಕದ ಬೋವೆನ್ನನು ತೋರಿಸಿದನು. ಇಂದಿನ ಹವ್ಯಾಸಿಗಳಿಗೆ ಈ ಜ್ಞಾನವು ದಿನಬಳಕೆಯ ಸಾಧನವಾಗಿದೆ. ಆ ಒಂದು ರೇಖೆಯನ್ನು ಮಾತ್ರ ಬಿಡುವ ಶೋಧಕಗಾಜನ್ನು ಹಾಕಿ, ಹಲವು ರಾತ್ರಿಗಳ ಚಿತ್ರಗಳನ್ನು ಗಣಕಯಂತ್ರದಲ್ಲಿ ಒಂದರ ಮೇಲೊಂದು ಕೂಡಿಸಿದರೆ, ದೀಪಗಳಿಂದ ಬೆಳಗುವ ನಗರದ ಮಾಳಿಗೆಯಿಂದಲೂ ನೀಹಾರಿಕೆಯು ಮೂಡುತ್ತದೆ. 2015ರಲ್ಲಿ ಹಾರಿಬಿಟ್ಟ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದ ಚಿತ್ರಗಳಿಂದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಎನ್‌ಜಿಸಿ 40 ಎಂಬ ನೀಹಾರಿಕೆಯ ಸುತ್ತ ಅದುವರೆಗೆ ಯಾರೂ ಕಾಣದಿದ್ದ ಪರಿವೇಷವೊಂದನ್ನು ಗುರುತಿಸಿ 2018ರಲ್ಲಿ ಪ್ರಕಟಿಸಿದರು. ಆ ನೀಹಾರಿಕೆಯನ್ನು 1788ರಲ್ಲಿ ಮೊದಲು ಕಂಡವನು ವಿಲಿಯಂ ಹರ್ಷೆಲ್.

ದಕ್ಷಿಣದ ನೀಲಿ ಬಿಲ್ಲೆಗಾದರೋ ಶೋಧಕಗಾಜೊಂದೇ ಸಾಲದು. 20 ಡಿಗ್ರಿಗಿಂತ ಮೇಲೇರದ ಅದು ಬೆಂಗಳೂರಿನ ಧೂಳಿನಲ್ಲಿಯೂ ಕಟ್ಟಡಗಳ ಮರೆಯಲ್ಲಿಯೂ ಅಡಗಿಬಿಡುವುದು. ಬಯಲುಸೀಮೆಯ ತೆರೆದ ದಕ್ಷಿಣದಿಕ್ಕು ಬೇಕು, ಚಂದ್ರನಿಲ್ಲದ ರಾತ್ರಿ ಬೇಕು, ಮುಂಗಾರಿನ ಮೋಡ ಇನ್ನೂ ಏರಿರಬಾರದು.