ಸುಣ್ಣ: ನಿಂಬರ್ಗಾ ಸೀಮೆಯ ನಿತ್ಯ ರಸಾಯನ

ಸುಣ್ಣದಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರೆರೆದು ಅರಳಿಸಿ ಪಡೆಯುವ ಬಿಳಿಯ ಕ್ಷಾರವಸ್ತು. ರಾಸಾಯನಿಕ ಹೆಸರು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಹೋಬಳಿ ಕೇಂದ್ರವಾದ ನಿಂಬರ್ಗಾ, ಅದರ ಸುತ್ತಣ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಲ್ಲಿ ಸುಣ್ಣ ಮುಟ್ಟದ ದಿನವಿಲ್ಲ. ಗೋಡೆಗೆ ಬಳಿಯುವುದು, ಎಲೆಗೆ ಸವರುವುದು, ಕಬ್ಬಿನ ಹಾಲಿಗೆ ಹಾಕುವುದು ಜನ ತಿಳಿದೇ ಮಾಡುವ ಕೆಲಸ. ಬಾವಿಯ ನೀರಿನಲ್ಲಿ, ಹೊಲದ ಎರೆಮಣ್ಣಿನಲ್ಲಿ, ಬೇಯದ ಬೇಳೆಯಲ್ಲಿ ಅದೇ ಕ್ಯಾಲ್ಸಿಯಂ ಯಾರ ಅಪ್ಪಣೆಗೂ ಕಾಯದೆ ತನ್ನ ಕೆಲಸ ತಾನು ಮಾಡುತ್ತಿರುತ್ತದೆ. ದಿನಬಳಕೆಯ ರಸಾಯನವನ್ನು ಒಂದೇ ವಸ್ತುವಿನ ಬೆನ್ನು ಹತ್ತಿ ನೋಡಬೇಕೆಂದರೆ ಈ ಸೀಮೆಯಲ್ಲಿ ಸುಣ್ಣಕ್ಕಿಂತ ಒಳ್ಳೆಯ ದಾರಿಯಿಲ್ಲ.

ನೆಲ ಮತ್ತು ಕಲ್ಲು

ಆಳಂದದ ನೆಲ ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಉಕ್ಕಿ ಹರಡಿದ ಲಾವಾ ಆರಿ ಆದದ್ದು. ಭೀಮೆಯ ಹರಿವನ್ನು ಹಿಡಿದು ಜೇವರ್ಗಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆಗೆ ಇಳಿದಂತೆ ಕಲ್ಲು ಬದಲಾಗುತ್ತದೆ. ಅಲ್ಲಿರುವುದು ಬಸಾಲ್ಟಿಗಿಂತ ಬಹಳ ಹಳೆಯದಾದ, ಒಂದು ಕಾಲದ ಸಮುದ್ರತಳದಲ್ಲಿ ಪದರಪದರವಾಗಿ ಕೂಡಿದ ಸುಣ್ಣದಕಲ್ಲು. ಪದರಗಳು ಹಲಗೆಗಳಂತೆ ಸಲೀಸಾಗಿ ಬಿಡುವುದರಿಂದ ಅದೇ ಫರಸಿ ಕಲ್ಲೂ ಆಯಿತು. ಮನೆಯ ಪಡಸಾಲೆಗೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ಲಿಂಬಿಹಣ್ಣಿನ ರಸ ಬಿದ್ದರೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಚೆಲ್ಲಿದರೆ ನೊರೆಯೇ ಏಳುತ್ತದೆ. ಆಮ್ಲವು ಕಲ್ಲಿನ ಕಾರ್ಬೊನೇಟನ್ನು ಒಡೆದು ಇಂಗಾಲದ ಡೈಆಕ್ಸೈಡನ್ನು ಹೊರದೂಡುವಾಗ ಕಾಣುವ ನೊರೆ ಅದು. ಕಲ್ಲು ಸುಣ್ಣದ್ದೋ ಅಲ್ಲವೋ ಎಂದು ತಿಳಿಯಲು ಭೂವಿಜ್ಞಾನಿಗಳು ಸ್ಥಳದಲ್ಲೇ ಮಾಡುವ ಪರೀಕ್ಷೆಯೂ ಇದೇ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳು ಈ ಭಾಗದ ಸುಣ್ಣದಕಲ್ಲಿನಲ್ಲೇ ಕೆತ್ತಿದಂಥವು. ಅಶೋಕನ ಹೆಸರು ಬರೆದಿರುವ ಪ್ರಸಿದ್ಧ ಉಬ್ಬುಶಿಲ್ಪ ಇರುವುದು ಅಲ್ಲಿಯೇ.

ಸುಡುವುದು, ಅರಳಿಸುವುದು

ಸುಣ್ಣದಕಲ್ಲು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಶುದ್ಧವಾದ 100 ಕಿಲೋ ಕಲ್ಲು ಸುಟ್ಟರೆ ಕೈಗೆ ಸಿಗುವುದು 56 ಕಿಲೋ; ಉಳಿದ 44 ಕಿಲೋ ಗಾಳಿಯ ಪಾಲು. ಭಟ್ಟಿಯಿಂದ ತೆಗೆದ ಹರಳು ಗಾತ್ರದಲ್ಲಿ ಕಲ್ಲಿನಂತೆಯೇ ಕಂಡರೂ ಎತ್ತಿದಾಗ ಹಗುರವೆನಿಸುವುದು ಇದರಿಂದ. ನೀರೆರೆದರೆ ಹರಳು ಸಿಡಿದು, ಬುಸುಗುಟ್ಟಿ, ಹಿಟ್ಟಾಗಿ ಅರಳುತ್ತದೆ. ಒಂದು ಕಿಲೋ ಸುಟ್ಟ ಸುಣ್ಣ ಅರಳುವಾಗ ಹೊಮ್ಮುವ ಶಾಖಕ್ಕೆ ಸುಮಾರು ಮೂರು ಲೀಟರ್ ತಣ್ಣೀರನ್ನು ಕುದಿಸುವ ಶಕ್ತಿಯಿದೆ. ಉತ್ತರ ಕರ್ನಾಟಕದಲ್ಲಿ ಈ ಕಸುಬನ್ನೇ ಹಿಡಿದ ಮನೆತನಗಳಿಗೆ ಸುಣಗಾರ ಎಂಬ ಅಡ್ಡಹೆಸರು ನಿಂತಿದೆ. ಕಲ್ಲಿನ ಗಣಿ ದೂರವಿದ್ದ ಊರುಗಳಲ್ಲಿ ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳುಗಳನ್ನು ಆಯ್ದು ಸುಡುವ ರೂಢಿಯೂ ಇತ್ತು.

ಇಷ್ಟೆಲ್ಲ ಕಸುಬು ಸಾವಿರಾರು ವರ್ಷಗಳಿಂದ ನಡೆದಿದ್ದರೂ ಕಲ್ಲಿನಿಂದ ಹೋದದ್ದೇನು ಎಂಬುದು ಗೊತ್ತಾದದ್ದು 18ನೆಯ ಶತಮಾನದಲ್ಲಿ. ಸುಟ್ಟ ಸುಣ್ಣ ಚರ್ಮ ಸುಡುವುದನ್ನು ಕಂಡು, ಭಟ್ಟಿಯ ಬೆಂಕಿಯ ಅಂಶವೇ ಕಲ್ಲಿನೊಳಗೆ ಸೇರಿಕೊಂಡಿದೆ ಎಂದು ಯುರೋಪಿನ ಪಂಡಿತರು ನಂಬಿದ್ದರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ತಕ್ಕಡಿ ಹಿಡಿದು ತೂಗಿದ. 1756ರಲ್ಲಿ ಅಚ್ಚಾದ ಅವನ ಪ್ರಬಂಧ ಹೇಳಿದ್ದು: ಸುಟ್ಟಾಗ ಕಲ್ಲಿಗೆ ಏನೂ ಸೇರುವುದಿಲ್ಲ, ಅದರಿಂದ ಒಂದು ಬಗೆಯ ಗಾಳಿ ಹೊರಬೀಳುತ್ತದೆ, ಆ ಗಾಳಿಯನ್ನು ಮರಳಿ ಕೊಟ್ಟರೆ ಸುಣ್ಣ ಮತ್ತೆ ಕಲ್ಲಿನ ಪುಡಿಯೇ ಆಗುತ್ತದೆ. ನಾವು ಉಸಿರಾಗಿ ಹೊರಬಿಡುವುದೂ ಅದೇ ಗಾಳಿ ಎಂಬುದಕ್ಕೆ ಸುಣ್ಣದ ತಿಳಿನೀರು ಸಾಕ್ಷಿಯಾಯಿತು. ಶಾಲೆಯ ಮಕ್ಕಳು ಇಂದಿಗೂ ಆ ತಿಳಿನೀರಿಗೆ ಕೊಳವೆಯಿಂದ ಊದಿ ಹಾಲುಬಿಳುಪು ಬರಿಸುತ್ತಾರೆ. 1789ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೆ ಬರೆದ ಮೂಲವಸ್ತುಗಳ ಪಟ್ಟಿಯಲ್ಲಿ ಸುಣ್ಣಕ್ಕೂ ಜಾಗವಿತ್ತು, ಒಡೆಯುವ ಸಾಧನ ಅವನಲ್ಲಿರಲಿಲ್ಲ. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ ಹರಿಸಿ ಅದರಿಂದ ಕ್ಯಾಲ್ಸಿಯಂ ಲೋಹವನ್ನು ಬೇರ್ಪಡಿಸಿದ.

ಗೋಡೆ, ಗಚ್ಚು, ಸಿಮೆಂಟು

ಬಳಿದ ಸುಣ್ಣ ಆರಿದ ಮೇಲೂ ಗೋಡೆಯ ಮೇಲೆ ಕೆಲಸ ನಿಲ್ಲಿಸುವುದಿಲ್ಲ. ಗಾಳಿಯಲ್ಲಿರುವ ಅತ್ಯಲ್ಪ ಇಂಗಾಲದ ಡೈಆಕ್ಸೈಡನ್ನು ಹೀರುತ್ತಾ, ದಿನಗಳು ಕಳೆದಂತೆ ತೆಳುವಾದ ಕಲ್ಲಿನ ಪೊರೆಯಾಗಿ ಗಟ್ಟಿಗೊಳ್ಳುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಪಡೆದುಕೊಳ್ಳುತ್ತದೆ. ಹಸಿ ಸುಣ್ಣ ಮಂಕಾಗಿ ಕಂಡು, ಆರಿದ ಮೇಲೆ ಬೆಳ್ಳಗೆ ಹೊಳೆಯುವುದಕ್ಕೆ ಕಾರಣ ಬೇರೆ: ಕಣಗಳ ನಡುವೆ ನೀರು ಹೋಗಿ ಗಾಳಿ ತುಂಬಿದಾಗ ಬೆಳಕು ಹೆಚ್ಚು ಚದುರುತ್ತದೆ. ಹಬ್ಬಕ್ಕೆ ಮುಂಚೆ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವುದು ಹಳದಿ ಛಾಯೆಯನ್ನು ಕಣ್ಣಿಗೆ ಮರೆಮಾಡಲು. ಬಲವಾದ ಕ್ಷಾರವಾದ್ದರಿಂದ ಹಸಿ ಸುಣ್ಣದ ಗೋಡೆಯಲ್ಲಿ ಬೂಷ್ಟು, ಹುಳುಹುಪ್ಪಟೆ ನಿಲ್ಲುವುದೂ ಕಷ್ಟ.

ದೊಡ್ಡ ಕಟ್ಟಡಗಳಿಗೆ ಬೇಕಾದದ್ದು ಗಚ್ಚು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಕೋಟೆಯೊಳಗಿನ 1367ರ ಜಾಮಿ ಮಸೀದಿ, ಹಫ್ತ್ ಗುಂಬಜಿನ ಗೋರಿಗಳು ಗಚ್ಚಿನ ಕೆಲಸದ ಎತ್ತರವನ್ನು ತೋರಿಸುತ್ತವೆ. 1422ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಫಿರೋಜ್ ಶಹಾನ ಗೋರಿಯ ಒಳಮೈಯ ಗಚ್ಚಿನ ಅಲಂಕಾರ ಜಿಲ್ಲೆಯಲ್ಲಿ ಸುಣ್ಣದಿಂದಾದ ಅತ್ಯಂತ ಚೆಲುವಾದ ಕೆಲಸವೆಂದರೆ ಅತಿಶಯವಲ್ಲ. ಬರಿಯ ಸುಣ್ಣ ಮತ್ತು ಮರಳಿನ ಗಾರೆ ಗಾಳಿ ತಾಗಿದ ಮೈಯಿಂದ ಒಳಕ್ಕೆ ನಿಧಾನವಾಗಿ ಗಟ್ಟಿಯಾಗುತ್ತದೆ, ದಪ್ಪ ಗೋಡೆಯ ಒಡಲಿಗೆ ಅದು ತಲುಪಲು ಬಹುಕಾಲ ಬೇಕು. ಇದಕ್ಕೆ ಪರಿಹಾರವಾಗಿ ದಕ್ಷಿಣ ಭಾರತದ ಕೆಲಸಗಾರರು ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಬೆರೆಸುತ್ತಿದ್ದರು. ಸುಟ್ಟ ಜೇಡಿಯಲ್ಲಿರುವ ಸಿಲಿಕಾ ಸುಣ್ಣದ ಜೊತೆ ಕೂಡಿ ನೀರಿನಲ್ಲೂ ಕರಗದ ಕ್ಯಾಲ್ಸಿಯಂ ಸಿಲಿಕೇಟ್ ಆಗುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವುದೂ ಇತ್ತು. ಸಕ್ಕರೆಯ ದ್ರಾವಣದಲ್ಲಿ ಸುಣ್ಣ ಬರಿಯ ನೀರಿಗಿಂತ ಹೆಚ್ಚು ಕರಗುತ್ತದೆ.

ಜೇಡಿ ಮತ್ತು ಸುಣ್ಣದಕಲ್ಲನ್ನು ಮೊದಲೇ ಕೂಡಿಸಿ ಸುಟ್ಟರೆ ಸಿಮೆಂಟು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಇಂದಿನ ಗೂಡುಗಳ ಶಾಖ ಸುಮಾರು 1450 ಡಿಗ್ರಿ. ನಿಜಾಮರ ಆಳ್ವಿಕೆಯಲ್ಲಿದ್ದ ಶಹಾಬಾದಿನಲ್ಲಿ 1920ರ ದಶಕದಲ್ಲೇ ಸಿಮೆಂಟು ಕಾರ್ಖಾನೆ ಬಂತು, 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದವು. ವಾಡಿ, ಮಳಖೇಡ, ಸೇಡಂಗಳ ಕಾರ್ಖಾನೆಗಳು ನಂತರದವು. ಸುಣ್ಣದ ಸಣ್ಣ ಭಟ್ಟಿಗಳು ಆರಿದ್ದು ಈ ಸಿಮೆಂಟು ಮತ್ತು ಡಬ್ಬಿಯ ಬಣ್ಣಗಳ ಎದುರು.

ಎಲೆ ಸಂಚಿಯಲ್ಲಿ

ಎಲೆ, ಅಡಿಕೆ, ಸುಣ್ಣ ಮೂರೂ ಕೂಡಿದಾಗ ಬಾಯಿ ಕೆಂಪಾಗುತ್ತದೆ. ಸುಣ್ಣವಿಲ್ಲದೆ ಅಷ್ಟು ಕೆಂಪು ಬರುವುದಿಲ್ಲ. ಅಡಿಕೆಯ ಒಗರಿನ ಪಾಲಿಫಿನಾಲುಗಳು ಕ್ಷಾರದಲ್ಲಿ ಬೇಗ ಉತ್ಕರ್ಷಣಗೊಂಡು ಕೆಂಪು ವಸ್ತುಗಳಾಗುತ್ತವೆ. ಅಡಿಕೆಯ ಮುಖ್ಯ ಆಲ್ಕಲಾಯ್ಡ್ ಅರಿಕೊಲಿನ್ ಸುಣ್ಣದೊಡನೆ ಸೇರಿ ಅರಿಕೈಡಿನ್ ಆಗಿ ಮಾರ್ಪಡುತ್ತದೆ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುವವರು ಮಾಡುವುದೂ ರಸಾಯನವೇ: ಎಲೆಯಲ್ಲಿ ಲವಣರೂಪದಲ್ಲಿ ಸಿಕ್ಕಿಕೊಂಡ ನಿಕೊಟಿನನ್ನು ಕ್ಷಾರ ಬಿಡಿಸಿ ಬಾಯಿಯ ತೆಳುಚರ್ಮ ಬೇಗ ಹೀರುವಂತೆ ಮಾಡುತ್ತದೆ. ತಲೆಗೇರುವ ಬಿರುಸು ಅದರಿಂದಲೇ, ಚಟ ಬಿಡದಿರುವುದೂ ಅದರಿಂದಲೇ. ತಂಬಾಕಿಲ್ಲದ ಎಲೆಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗಬಾರದು. ಒತ್ತಿದಾಗ ಸಿಡಿದು ಕಣ್ಣಿಗೆ ಬಿದ್ದರೆ ಕ್ಷಾರ ಕಣ್ಣಿನ ಮೇಲ್ಪದರವನ್ನು ಭೇದಿಸಿ ಒಳಗಿಳಿಯುತ್ತದೆ. ಕೂಡಲೇ ಕಣ್ಣಿನೊಳಗಿನ ಸುಣ್ಣದ ಕಣ ತೆಗೆದು, ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆಯುತ್ತಾ ಆಸ್ಪತ್ರೆ ಸೇರಿಸಬೇಕು. ಆಮ್ಲವೆಂದು ಲಿಂಬಿರಸ ಹಿಂಡುವುದು ಗಾಯದ ಮೇಲೆ ಇನ್ನೊಂದು ಗಾಯ.

ಆರತಿ ತಟ್ಟೆಯಲ್ಲಿ

ಮದುಮಕ್ಕಳಿಗೆ, ಬಾಣಂತಿ ಕೂಸಿಗೆ ದೃಷ್ಟಿ ತೆಗೆಯುವ ಕೆಂಪುನೀರಿಗೆ ಬೇಕಾದದ್ದು ಅರಿಷಿಣ, ಚಿಟಿಕೆ ಸುಣ್ಣ. ಅರಿಷಿಣದ ಕುರ್ಕುಮಿನ್ ಆಮ್ಲದಲ್ಲೂ ತಟಸ್ಥ ನೀರಿನಲ್ಲೂ ಹಳದಿ, ಕ್ಷಾರದಲ್ಲಿ ಕೆಂಪು. ಲಿಂಬಿರಸ ಹಿಂಡಿದರೆ ಮರಳಿ ಹಳದಿ. ಪಲ್ಯದ ಕಲೆಯಾದ ಅಂಗಿಗೆ ಸಾಬೂನು ಹಚ್ಚಿದೊಡನೆ ಕೆಂಪಾಗಿ ಮನೆಯವರನ್ನು ಬೆಚ್ಚಿಸುವುದೂ ಇದೇ. ಕುರ್ಕುಮಿನನ್ನು 1815ರಲ್ಲಿ ಫ್ರಾನ್ಸಿನಲ್ಲಿ ಬೇರ್ಪಡಿಸಿದರು, ಅದರ ರಚನೆ ತಿಳಿದದ್ದು 1910ರಲ್ಲಿ. ಕ್ಷಾರದಿಂದ ಬಂದ ಕೆಂಪು ನೆಚ್ಚುವಂಥದಲ್ಲ. ಆದ್ದರಿಂದಲೇ ಮನೆಯಲ್ಲಿ ಕುಂಕುಮ ಮಾಡುವವರು ಅರಿಷಿಣಕ್ಕೆ ಬಿಳಿಗಾರ ಮತ್ತು ಲಿಂಬಿರಸ ಹಾಕುತ್ತಾರೆ. ಬಿಳಿಗಾರದ ಬೋರಾನ್ ಆಮ್ಲದ ಜೊತೆಗೂಡಿ ಕುರ್ಕುಮಿನನ್ನು ಹಿಡಿದು ಕಟ್ಟುವ ಕೆಂಪು ಬೇರೆ ಜಾತಿಯದು, ಗಟ್ಟಿಯಾದದ್ದು.

ನೀರು, ಬೇಳೆ, ಬೆಲ್ಲ

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊತ್ತು ಇಳಿಯುವಾಗ ಸುಣ್ಣದ ಅಂಶವನ್ನು ಬೈಕಾರ್ಬೊನೇಟಾಗಿ ಕರಗಿಸಿಕೊಳ್ಳುತ್ತದೆ. ಈ ಗಡಸು ನೀರು ಕುದಿದಾಗ ಕರಗಿದ್ದು ಮತ್ತೆ ಕಾರ್ಬೊನೇಟಾಗಿ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಸಾಬೂನು ನೊರೆ ಕೊಡದೆ ಗಸಿಯಾಗುವುದು ಸಾಬೂನಿನ ಕೊಬ್ಬಿನಾಮ್ಲವನ್ನು ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ. ಹುಣಸೆ ಹಚ್ಚಿ ತಿಕ್ಕಿದರೆ ಹಂಡೆಯ ಪದರ ಬಿಡುತ್ತದೆ. ವಿಚಿತ್ರವೆಂದರೆ ಇಂಥ ನೀರಿನ ಗಡಸನ್ನು ಇಳಿಸಲು ಸುಣ್ಣವನ್ನೇ ಹಾಕಬಹುದು: ಹೆಚ್ಚಿನ ಇಂಗಾಲದ ಡೈಆಕ್ಸೈಡನ್ನು ಅದು ಹೀರಿಬಿಟ್ಟರೆ ನೀರಿನಲ್ಲಿದ್ದ ಸುಣ್ಣವೂ ಹಾಕಿದ ಸುಣ್ಣವೂ ಗಸಿಯಾಗಿ ತಳ ಸೇರುತ್ತದೆ. ಥಾಮಸ್ ಕ್ಲಾರ್ಕ್ ಈ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದ.

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೂ ‘ಈ ನೀರಾಗ ಬ್ಯಾಳಿ ಬೇಯಂಗಿಲ್ಲ’ ಎಂಬ ದೂರು ಇದೇ ಸೀಮೆಯಲ್ಲಿ ಕೇಳಿಬರುತ್ತದೆ. ತಪ್ಪು ಬೇಳೆಯದಲ್ಲ. ಬೇಳೆಯ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್‌ಗೆ ನೀರಿನ ಕ್ಯಾಲ್ಸಿಯಂ ಕೊಂಡಿ ಹಾಕಿ ಬಿಗಿಮಾಡುತ್ತದೆ. ಚಿಟಿಕೆ ಸೋಡಾ ಆ ಕೊಂಡಿ ಸಡಿಲಿಸಿ ಬೇಳೆಯನ್ನು ನುಣ್ಣಗೆ ಮಾಡುವುದು ನಿಜ, ಜೊತೆಗೆ ಥಯಾಮಿನ್ ಜೀವಸತ್ವವನ್ನೂ ಹಾಳುಮಾಡುತ್ತದೆ. ಹುಳಿಯೂ ಪೆಕ್ಟಿನ್ ಕರಗದಂತೆ ತಡೆಯುತ್ತದೆ. ಪುಂಡಿಪಲ್ಯ ಮಾಡುವ ಹೆಣ್ಣುಮಕ್ಕಳು ಬೇಳೆ ಬೆಂದ ಮೇಲೆಯೇ ಪುಂಡಿಸೊಪ್ಪಿನ ಹುಳಿ ಕೂಡಿಸುವ ಕ್ರಮಕ್ಕೆ ಪಾಠಪುಸ್ತಕದ ಬೆಂಬಲ ಬೇಕಿಲ್ಲ, ಇದ್ದರೆ ಇದು.

ಅಫಜಲಪುರ, ಆಳಂದ ಕಡೆಗೆ ಕಬ್ಬೂ ಇದೆ. ಗಾಣದಿಂದ ಬಂದ ಹಾಲು ಹುಳಿಯಾದ ದ್ರಾವಣ. ಹಾಗೆಯೇ ಕುದಿಸಿದರೆ ಆಮ್ಲದಿಂದಾಗಿ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಬೆಲ್ಲ ಗಟ್ಟಿ ಕೂರದೆ ಜಿನುಗುತ್ತದೆ. ಸುಣ್ಣದ ನೀರು ಹುಳಿಯನ್ನು ತಣಿಸಿ, ಫಾಸ್ಫೇಟ್ ಮತ್ತು ಪ್ರೋಟೀನುಗಳನ್ನು ಹಿಡಿದು ಕೊಪ್ಪರಿಗೆಯ ಮೇಲೆ ಕೆನೆಯಾಗಿ ಏಳಿಸುತ್ತದೆ. ಬೆಂಡೆಯ ಲೋಳೆಯೂ ಮಡ್ಡಿ ಕೂಡಿಸಲು ನೆರವಾಗುತ್ತದೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುವುದು ಖಂಡಿತ, ಗಾಣದವರ ಕೈಲೆಕ್ಕಕ್ಕೆ ಬೆಲೆ ಇರುವುದು ಇಲ್ಲಿ.

ಕಾಳಿಗೆ ಸುಣ್ಣ ಹಾಕುವ ರೂಢಿ ಬೇರೆಡೆ ಉಂಟು: ಮೆಕ್ಸಿಕೋದ ಜನ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರೊಟ್ಟಿ ಮಾಡುತ್ತಿದ್ದರು. ಕಾಳಿನಲ್ಲಿ ಸಿಕ್ಕಿಕೊಂಡ ನಿಯಾಸಿನ್ ಜೀವಸತ್ವ ಅದರಿಂದ ಬಿಡುಗಡೆಯಾಗಿ ಪೆಲಾಗ್ರ ರೋಗ ತಪ್ಪುತ್ತಿತ್ತು. ನಮ್ಮ ಬಿಳಿಜೋಳಕ್ಕೆ ಆ ಸಂಸ್ಕಾರ ಬರಲಿಲ್ಲ. ಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡವರಲ್ಲಿ ಪೆಲಾಗ್ರ ಕಂಡ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅದಕ್ಕೆ ಕಾರಣವಿರಬಹುದೆಂದು ವಾದಿಸಿದರು. ಆ ವಾದ ಎಲ್ಲರ ಒಪ್ಪಿಗೆ ಪಡೆದಿಲ್ಲ.

ಹೊಲದಲ್ಲಿ

ಮಲೆನಾಡಿನ ತೋಟಿಗರಿಗೆ ಸುಣ್ಣ ಔಷಧಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದರು, ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ. ಅಲ್ಲಿನ ಹುಳಿಮಣ್ಣಿಗೂ ಸುಣ್ಣ ಹರಡುತ್ತಾರೆ. ನಿಂಬರ್ಗಾ ಸೀಮೆಯ ಎರೆಮಣ್ಣಿನ ತಾಪತ್ರಯ ತಿರುವುಮುರುವು: ಬಸಾಲ್ಟ್ ಸವೆದು ಬಂದ ಕ್ಯಾಲ್ಸಿಯಂ ಒಣಹವೆಯಲ್ಲಿ ತೊಳೆದು ಹೋಗದೆ ಹರಳುಗಟ್ಟಿ ಉಳಿದಿದೆ. ಇಂಥ ಕ್ಷಾರ ಮಣ್ಣಿನಲ್ಲಿ ಕಬ್ಬಿಣದ ಅಂಶ ಬೇಕಾದಷ್ಟಿದ್ದರೂ ಕರಗದ ರೂಪದಲ್ಲಿರುವುದರಿಂದ ಬೇರಿಗೆ ದಕ್ಕುವುದಿಲ್ಲ, ಸತುವಿನ ಕಥೆಯೂ ಹೀಗೆಯೇ. ಕಬ್ಬು, ಶೇಂಗಾ ಬೆಳೆಯ ಎಳೆಯ ಎಲೆಗಳು ನರ ಮಾತ್ರ ಹಸಿರುಳಿದು ಹಳದಿಯಾಗುತ್ತವೆ. ಮಣ್ಣಿಗೆ ಸುರಿದ ಫೆರಸ್ ಸಲ್ಫೇಟ್ ಬೇಗನೆ ಅದೇ ಕರಗದ ರೂಪಕ್ಕೆ ತಿರುಗುವುದರಿಂದ ಅದರ ತಿಳಿಯಾದ ದ್ರಾವಣವನ್ನು ಎಲೆಗಳ ಮೇಲೆಯೇ ಸಿಂಪಡಿಸಬೇಕಾಗುತ್ತದೆ.