ಗುರಿ ಹಿಡಿಯದ ಗುಂಡು

‘ಸ್ನ್ಯಾಪ್‌ಶಾಟ್’ ಎಂಬುದು ಬೇಟೆಗಾರರ ಮಾತು. ಪೊದೆಯಿಂದ ಹಕ್ಕಿ ಪುರ್ರೆಂದು ಎದ್ದಾಗ ಗುರಿ ಹಿಡಿಯುವಷ್ಟು ವ್ಯವಧಾನ ಎಲ್ಲಿಯದು? ಕೋವಿ ಎತ್ತಿದ್ದೇ ತಡ ಹಾರಿಸಿಬಿಡುವ ಆ ಗುಂಡಿಗೆ ಇಂಗ್ಲಿಷರು ಇಟ್ಟ ಹೆಸರದು. ಪೀಟರ್ ಹಾಕರ್ ಎಂಬ ಬೇಟೆಯ ಹುಚ್ಚಿನ ಸೈನ್ಯಾಧಿಕಾರಿಯ 1808ರ ದಿನಚರಿಯಲ್ಲಿ ಅದು ಸಿಗುತ್ತದೆ. ‘ಸ್ನ್ಯಾಪ್’ ಇನ್ನೂ ಹಳೆಯದು. ಡಚ್ಚರ ಸೀಮೆಯಿಂದ ಬಂದದ್ದು. ಗಬಕ್ಕನೆ ಬಾಯಿ ಹಾಕಿ ಕಚ್ಚುವುದು ಅದರ ಮೊದಲ ಅರ್ಥ.

1860ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಈ ಪದವನ್ನು ಕಾಡಿನಿಂದ ಕ್ಯಾಮೆರಾಗೆ ತಂದರು. ಆಗೆಲ್ಲ ಚಿತ್ರ ತೆಗೆಸಿಕೊಳ್ಳುವವರು ಅಲ್ಲಾಡದೆ ಕೂತಿರಬೇಕಿತ್ತು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಚಿತ್ರ ಹಿಡಿಯುವ ಕಾಲ ಬರಬಹುದೆಂದು ಊಹಿಸಿದ ಹರ್ಷೆಲ್ಲರಿಗೆ ಆ ವೇಗಕ್ಕೆ ಸರಿಹೊಂದುವ ಮಾತು ಬೇಟೆಯಲ್ಲಿ ಸಿಕ್ಕಿತು. 1888ರ ಕೊಡ್ಯಾಕ್, 1900ರಲ್ಲಿ ಒಂದೇ ಡಾಲರಿಗೆ ಬಂದ ಬ್ರೌನಿ ಕ್ಯಾಮೆರಾ ಅದನ್ನು ಮನೆಮನೆಯ ಮಾತಾಗಿಸಿದವು. ನಾವೂ ಗುಂಡು ಹೊಡೆದಂತೆಯೇ ಫೋಟೊ ‘ಹೊಡೆಯುತ್ತೇವೆ’. ಇಂಗ್ಲಿಷಿನ ಹಂಗಿಲ್ಲದೆಯೇ ಅಲ್ಲಿಗೆ ತಲುಪಿದೆವೋ ಏನೋ.

ಕಂಪ್ಯೂಟರಿಗೆ ಬಂದ ಮೇಲೂ ಹಕ್ಕಿ ಪದದ ಬೆನ್ನು ಬಿಡಲಿಲ್ಲ. ಹಲವು ಯಂತ್ರಗಳು ಒಟ್ಟಾಗಿ ದುಡಿಯುವಾಗ ಅವೆಲ್ಲದರ ಸ್ಥಿತಿಯನ್ನು ದಾಖಲಿಸುವುದು ಹೇಗೆಂದು ಮಣಿ ಚಾಂಡಿ, ಲೆಸ್ಲಿ ಲ್ಯಾಂಪೋರ್ಟ್ ಇಬ್ಬರೂ 1985ರಲ್ಲಿ ಒಂದು ಪ್ರಬಂಧ ಬರೆದರು. ಅದಕ್ಕೆ ಅವರು ಕೊಟ್ಟ ಉದಾಹರಣೆ: ಆಕಾಶದ ತುಂಬ ವಲಸೆ ಹಕ್ಕಿಗಳು, ಒಂದೇ ಫೋಟೊದಲ್ಲಿ ಹಿಡಿಯಲಾಗದ ದೃಶ್ಯ, ತುಂಡುತುಂಡಾಗಿ ತೆಗೆದು ಜೋಡಿಸುವ ಛಾಯಾಗ್ರಾಹಕರು.

ಪದ ನಿಜವಾಗಿ ಹೊರಳಿದ್ದು ಫೈಲ್‌ಸಿಸ್ಟಮ್‌ಗಳಲ್ಲಿ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಗಳಲ್ಲಿ. ಒಂದು ಕ್ಷಣಕ್ಕೆ ಫೈಲುಗಳೆಲ್ಲ ಹೇಗಿದ್ದವೋ ಹಾಗೆ ಹಿಡಿದಿಡುವುದಕ್ಕೆ ಅಲ್ಲಿ ಈ ಹೆಸರು. ನೆಟ್‌ಆ್ಯಪ್ ಕಂಪನಿಯವರು 1994ರಲ್ಲಿ ತಮ್ಮ ‘ವ್ಯಾಫಲ್’ ಫೈಲ್‌ಸಿಸ್ಟಮ್ ಅನ್ನು ವಿವರಿಸಿದರು; 2005ರಲ್ಲಿ ಸನ್ ಕಂಪನಿಯ ಝಡ್‌ಎಫ್‌ಎಸ್ ಎಲ್ಲರ ಕೈಗೂ ಬಂತು; ಆಮೇಲೆ ಲಿನಕ್ಸ್‌ಗೆ ಬಿಟಿಆರ್‌ಎಫ್‌ಎಸ್. ಟರ್ಮಿನಲ್ಲಿನಲ್ಲಿ ‘ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್’ ಎಂದು ಟೈಪಿಸಿ, ಡೇಟಾಸೆಟ್ಟಿನ ಹೆಸರು ಕೊಟ್ಟು, @ ಹಾಕಿ, ಮುಂದೆ ನಿಮಗಿಷ್ಟದ ಗುರುತು ಬರೆದು ಎಂಟರ್ ಒತ್ತಿದರೆ ಮುಗಿಯಿತು. ಡಿಸ್ಕಿನಲ್ಲಿ ಹತ್ತು ಟೆರಾಬೈಟ್ ಇದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಆಗುತ್ತದೆ. ಯಾಕೆಂದರೆ ಅಲ್ಲಿ ಏನೂ ನಕಲಾಗುವುದಿಲ್ಲ. ಫೈಲು ತಿದ್ದಿದಾಗ ಹೊಸ ಬರಹ ಬೇರೆ ಬ್ಲಾಕಿಗೆ ಹೋಗುತ್ತದೆ; ಹಳೆಯ ಬ್ಲಾಕನ್ನು ಮುಟ್ಟಬೇಡಿ ಎಂದು ಸ್ನ್ಯಾಪ್‌ಶಾಟ್ ಹಿಡಿದುಕೊಂಡು ಕೂರುತ್ತದೆ, ಅಷ್ಟೇ. ಅಂದರೆ ವೇಗ ಉಳಿಯಿತು, ಚಿತ್ರ ಹೋಯಿತು.

ಹೊಸಬರ ಗೊಂದಲಗಳಿಗೆಲ್ಲ ಹೋದ ಆ ಚಿತ್ರವೇ ಮೂಲ ಎಂಬುದು ನನ್ನ ಅನುಮಾನ. ಫೋಟೊ ಎಂದ ಮೇಲೆ ಮನೆ ಬಿದ್ದರೂ ಫೋಟೊ ಉಳಿಯಬೇಕಲ್ಲ? ಇಲ್ಲಿ ಡಿಸ್ಕು ಸತ್ತರೆ ಸ್ನ್ಯಾಪ್‌ಶಾಟೂ ಸತ್ತಂತೆ. ಬ್ಯಾಕಪ್ ಬೇಕಿದ್ದರೆ ‘ಸೆಂಡ್’ ಆಜ್ಞೆ ಕೊಟ್ಟು ಇನ್ನೊಂದು ಯಂತ್ರಕ್ಕೆ ಕಳಿಸಲೇಬೇಕು. ಜಾಗ ಸಾಲದೆಂದು ದೊಡ್ಡ ಫೈಲನ್ನು ಅಳಿಸಿದರೂ ಜಾಗ ಬಿಡುವಾಗುವುದಿಲ್ಲ, ಹಳೆಯ ಸ್ನ್ಯಾಪ್‌ಶಾಟ್ ಅದನ್ನು ಬಿಟ್ಟುಕೊಟ್ಟಿರುವುದಿಲ್ಲ. ಪಟ್ಟಿ ತೆಗೆದು ‘ಯೂಸ್ಡ್’ ಕಾಲಂ ನೋಡಿದರೆ ಮತ್ತೂ ತಮಾಷೆ: ಎರಡು ಸ್ನ್ಯಾಪ್‌ಶಾಟ್‌ಗಳು ಸೇರಿ ಹಿಡಿದಿಟ್ಟ ಬ್ಲಾಕು ಯಾವುದರ ಲೆಕ್ಕದಲ್ಲೂ ಕಾಣುವುದಿಲ್ಲ. ಎರಡನ್ನೂ ಅಳಿಸಿದಾಗ, ತೋರಿಸಿದ್ದಕ್ಕಿಂತ ಹೆಚ್ಚು ಜಾಗ ಸಿಗುತ್ತದೆ! ಇನ್ನು ‘ರೋಲ್‌ಬ್ಯಾಕ್’. ತೀರಾ ಈಚಿನ ಸ್ನ್ಯಾಪ್‌ಶಾಟಿಗೆ ಸಲೀಸಾಗಿ ಮರಳಬಹುದು, ಅದರ ನಂತರ ಮಾಡಿದ ಕೆಲಸ ಹೋಗುತ್ತದೆ. ಇನ್ನೂ ಹಿಂದಕ್ಕೆ ಹೋಗುವುದಾದರೆ ನಡುವಿನ ಸ್ನ್ಯಾಪ್‌ಶಾಟ್‌ಗಳೂ ನಾಶ. ಒಂದೇ ಫೈಲು ಬೇಕಿದ್ದವರಿಗೆ ಇಷ್ಟೆಲ್ಲ ರಾದ್ಧಾಂತ ಬೇಡ. ಮರೆಯಲ್ಲಿರುವ ‘ಡಾಟ್ ಝಡ್‌ಎಫ್‌ಎಸ್’ ಫೋಲ್ಡರಿನೊಳಗೆ ಹೋಗಿ ಹಳೆಯ ಪ್ರತಿಯನ್ನು ಎತ್ತಿಕೊಂಡು ಬಂದರಾಯಿತು.

ಹಾಗೆ ನೋಡಿದರೆ ಛಾಯಾಗ್ರಾಹಕನ ಅರ್ಥಕ್ಕಿಂತ ಹಾಕರನ ಅರ್ಥವೇ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಸೂಸೆ ಲಿನಕ್ಸಿನ ಸ್ನ್ಯಾಪರ್ ಎಂಬ ಸಾಧನವನ್ನು ಗಂಟೆಗೊಂದು ಸ್ನ್ಯಾಪ್‌ಶಾಟ್ ತೆಗೆಯುವಂತೆ ಹೊಂದಿಸಬಹುದು. ಪ್ಯಾಕೇಜು ಅಪ್‌ಡೇಟ್ ಆಗುವ ಮುಂಚೆ ಒಂದನ್ನು, ಆದ ಮೇಲೆ ಒಂದನ್ನು ಅದು ತಾನಾಗಿಯೇ ತೆಗೆಯುತ್ತದೆ. ಯಾವುದು ಮುಂದೆ ಕೆಲಸಕ್ಕೆ ಬಂದೀತೋ ಯಾರಿಗೂ ತಿಳಿಯದು. ಗುರಿಯೇ ಹಿಡಿಯದೆ ಹಾರಿಸಿದ ಗುಂಡುಗಳು.

ಕನ್ನಡದಲ್ಲಿ ಈ ಪದ ಬಳಸುವವರಿಗೆ ಮಾತ್ರ ಒಂದು ಸ್ವಂತ ಫಜೀತಿ ಇದೆ. ಫೋಟೊ ‘ತೆಗೆ’ ಎಂದರೆ ಹಿಡಿ ಎಂದರ್ಥ, ಕಸ ‘ತೆಗೆ’ ಎಂದರೆ ಎಸೆ. ‘ಸರ್ವರಿನ ಸ್ನ್ಯಾಪ್‌ಶಾಟ್ ತೆಗಿ’ ಎಂದು ಹೇಳಿ ಹೋದರೆ, ಹೊಸದನ್ನು ಮಾಡಬೇಕೋ ಇರುವುದನ್ನು ಅಳಿಸಬೇಕೋ? ‘ತಗೋ’, ‘ಡಿಲೀಟ್ ಮಾಡು’ ಎಂದು ಬಿಡಿಸಿ ಹೇಳುವುದೇ ಕ್ಷೇಮ.